ಡೂಪ್ಲಿಕೇಟ್ ಬ್ಯಾಟರಿ ಮತ್ತು ಗೌರಮ್ಮನವರ ಅವ್ವ

ಹಳೆಯದನ್ನು ಎಸೆಯುವುದು ನನ್ನಿಂದಾಗದ ಕೆಲಸ. ನಿನ್ನೆ ಬೀರು ಒರೆಸುವಾಗ ಹಳೆಯ ಡಿಜಿಟಲ್ ಕ್ಯಾಮೆರಾದ ಬ್ಯಾಟರಿಯೊಂದು ಕೈಗೆ ಸಿಕ್ಕಿತು. ಪೂರಿಯ ಹಾಗೆ ಉಬ್ಬಿಕೊಂಡಿದೆ. ಮೂಗಿಗೆ ಹಿಡಿದರೆ ಏನೋ ಸಿಹಿ ಘಾಟು. ಬ್ಯಾಟರಿಯನ್ನು ಯಾರಾದರೂ ಮೂಸುತ್ತಾರೆಯೇ ಎಂದು ನೀವು ನಗಬಹುದು. ನಗಿ. ನಾನಂತೂ ಅದನ್ನು ತಟ್ಟನೆ ಕೆಳಗಿಟ್ಟು ಕೈ ತೊಳೆದುಕೊಂಡೆ.

ಡಿಜಿಟಲ್ ಕ್ಯಾಮೆರಾ ನಮ್ಮಂಥವರ ಮನೆಗೆ ಆಗಷ್ಟೇ ಕಾಲಿಟ್ಟಿದ್ದ ಕಾಲ. ಅದರ ಜೊತೆ ಬಂದಿದ್ದ ಕಂಪನಿ ಬ್ಯಾಟರಿ ಸೊರಗಿತ್ತು. ಅಂಗಡಿಯವರು ಎರಡನ್ನು ಮುಂದಿಟ್ಟರು. "ಕಂಪನಿದು ಬೇಕಾ, ಡೂಪ್ಲಿಕೇಟ್ ಸಾಕಾ ಮೇಡಂ? ಎರಡೂ ಮಾಡೋ ಕೆಲಸ ಒಂದೇ ಕಣ್ರೀ." ನಮ್ಮ ಯಜಮಾನರು, "ಅಗ್ಗ ಸೂರೆ ಅಂತ ಮುಗ್ಗಲು ಜೋಳ ತಗೊಂಡ್ರಂತೆ" ಎಂದು ಗೊಣಗಿದರು. ಅವರು ಬೇಡ ಅಂದದ್ದಕ್ಕೇ ನಾನು ಡೂಪ್ಲಿಕೇಟನ್ನೇ, ಈಗ ಉಬ್ಬಿ ಕೂತಿರುವ ಇದನ್ನೇ, ತೆಗೆದುಕೊಂಡೆ. ಹಟವೆನ್ನುವುದು ನನಗೆ ತವರಿನ ಬಳುವಳಿ.

ಆ ವಾರವೇ ಒಂಟಿಕೊಪ್ಪಲಿನ ಗೌರಮ್ಮ, ನನ್ನ ಸಂಗೀತ ಪಾಠದ ಗೆಳತಿ, ಹೇಳಿಕಳಿಸಿದರು. ಅವರ ಅವ್ವ ಹಾಸಿಗೆ ಹಿಡಿದಿದ್ದರು. ಜನ್ಮದಲ್ಲಿ ಒಂದು ಫೋಟೊಗೂ ಮುಖ ಕೊಟ್ಟವರಲ್ಲ. ಗೌರಮ್ಮನವರ ಕಡೆ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಫೋಟೊವನ್ನೂ ಹಾಗೆಯೇ ತೆಗೆಸುತ್ತಾರೆ. "ನಮ್ಮವ್ವಂದು ಅದೊಂದೇ ಫೋಟೊ ಆಗ್ಬುಟ್ರೆ ಏನ್ಮಾಡ್ಲಿ? ಕಣ್ಬುಟ್ಟು ನನ್ನ ನೋಡ್ತಿರೋದು ಒಂದು ಬೇಕು ಕಣಮ್ಮ" ಎಂದು ಗೌರಮ್ಮ ಅತ್ತೇಬಿಟ್ಟರು.

ನಾನೋ, ದೊಡ್ಡ ಫೋಟೊಗ್ರಾಫರಿಣಿಯ ಗತ್ತಿನಲ್ಲಿ, "ಗೋಡೆ ಹತ್ರ ಬೆಳಕಿದೆ, ಅವ್ವನ್ನ ಅಲ್ಲಿ ಕೂರಿಸಿ" ಎಂದುಬಿಟ್ಟೆ. ಮನೆಯವರೆಲ್ಲ ನನ್ನತ್ತ ತಿರುಗಿದರು. ಆ ಮನೆಯಲ್ಲಿ ‘ಕೂರಿಸುವುದು’ ಎಂದರೆ ಏನೆಂದು ಆಗ ಹೊಳೆದು, ನಾಲಿಗೆ ಕಚ್ಚಿಕೊಂಡೆ. ಅವ್ವ ಒಬ್ಬರೇ ನಕ್ಕರು. "ಈಗ್ಲೇ ಕೂರಿಸ್ಬುಡ್ತೀಯೇನವ್ವಾ? ಆಗ್ಲಿ ಬುಡು, ಅಭ್ಯಾಸ ಆಯ್ತದೆ."

ತಾವೇ ವಿಭೂತಿ ಕೇಳಿ ಹಚ್ಚಿಸಿಕೊಂಡು, ಗೋಡೆಗೆ ಒರಗಿ ಕೂತರು. ಡೂಪ್ಲಿಕೇಟ್ ಬ್ಯಾಟರಿ ಪೂರ್ತಿ ಚಾರ್ಜ್ ತೋರಿಸುತ್ತಿತ್ತು. ಫ್ಲ್ಯಾಶ್ ಒಮ್ಮೆ ಹೊಡೆಯಿತು. ಚಿತ್ರ ಪರದೆಯ ಮೇಲೆ ಬಂದಷ್ಟೇ ಬೇಗ ಕ್ಯಾಮೆರಾ ಆರಿಹೋಯಿತು. ಆ ಚಿತ್ರದಲ್ಲಿ ಅವ್ವ ಬೆಳಕಿಗೆ ಬೆಚ್ಚಿ ಕಣ್ಣು ಮುಚ್ಚಿದ್ದರು. ಕಂಪನಿ ಬ್ಯಾಟರಿ ಹಾಕಿದರೆ ಅದಕ್ಕೆ ಲೆನ್ಸ್ ಹೊರತಳ್ಳುವಷ್ಟೂ ಕಸುವಿಲ್ಲ. "ಚಾರ್ಜ್ ಮಾಡ್ಕೊಂಡು ನಾಳೆ ಬರ್ತೀನಿ" ಎಂದೆ.

ಬೆಳಿಗ್ಗೆ ಫೋನ್ ಬಂತು. ಅವ್ವ ಇಲ್ಲ. ಕ್ಯಾಮೆರಾ ತರಬೇಕಂತೆ.

ಅದೇ ಗೋಡೆ, ಅದೇ ವಿಭೂತಿ, ಅದೇ ಭಂಗಿ. ಎಷ್ಟು ಸಲ ಸವರಿ ಮುಚ್ಚಿದರೂ ರೆಪ್ಪೆ ಮತ್ತೆ ಮೇಲೇರುತ್ತಿದೆ ಎಂದು ಯಾರೋ ಪಿಸುಗುಟ್ಟಿದರು. ಕ್ಯಾಮೆರಾ ಎತ್ತಿದೆ. ಅವ್ವ ನೇರವಾಗಿ ನನ್ನನ್ನೇ ನೋಡುತ್ತಿದ್ದರು. ಫ್ಲ್ಯಾಶ್ ಹೊಡೆದರೂ ಮಿಟುಕಿಸಲಿಲ್ಲ. ಹಿಂದಿನ ದಿನ ಕೈಕೊಟ್ಟಿದ್ದ ಬ್ಯಾಟರಿ ಅಂದು ಸಾಕೆಂದರೂ ಸೋಲಲಿಲ್ಲ. ನನಗೆ ಭಯವೆಂದರೆ ಭಯ.

ಎರಡು ಫೋಟೊಗಳನ್ನೂ ಪ್ರಿಂಟ್ ಹಾಕಿಸಿ ಗೌರಮ್ಮನವರಿಗೆ ಕೊಟ್ಟೆ. "ಕಣ್ಣು ಮುಚ್ಚಿರೋದೇ ಜೀವ ಇದ್ದಾಗಿಂದು ಕಣ್ರೀ" ಎಂದು ತಿಳಿಸಿಯೂ ಹೇಳಿದೆ.

"ಗೊತ್ತು ಕಣಮ್ಮ. ಆದ್ರೆ ಇದ್ರಲ್ಲಿ ನನ್ನ ನೋಡ್ತವ್ಳಲ್ಲ" ಎಂದು ಅವರು ಇನ್ನೊಂದಕ್ಕೇ ಕಟ್ಟು ಹಾಕಿಸಿದರು.

ಅಂದಿನಿಂದ ಅವರ ಮನೆಗೆ ಹೋದಾಗೆಲ್ಲ ಆ ಫೋಟೊಗೆ ಬೆನ್ನು ಮಾಡಿಯೇ ಕೂರುತ್ತಿದ್ದೆ. ನಿನ್ನೆ ಈ ಬ್ಯಾಟರಿ ಸಿಕ್ಕಿದ ನೆಪಕ್ಕೆ ಇಂದು ಬೆಳಿಗ್ಗೆ ಅಲ್ಲಿಗೆ ಹೋದವಳು ಧೈರ್ಯ ಮಾಡಿ ಎದುರಿಗೇ ಕೂತೆ. ಮನೆಗೆ ಹೊಸದಾಗಿ ಬಂದಿರುವ ಸೊಸೆ ಕಾಫಿ ತಂದಿಟ್ಟು, "ಎಷ್ಟು ಕಳೆಯಾಗಿದ್ದಾರೆ ಅಲ್ವಾ ಆಂಟಿ? ಈಗ ಮಾತಾಡ್ಬುಡ್ತಾರೇನೋ ಅನ್ಸುತ್ತೆ" ಎಂದಳು. ಗೌರಮ್ಮ ನಕ್ಕು, ಫೋಟೊದತ್ತ ತಿರುಗಿ, "ಅವ್ವಾ, ಯಾರು ಬಂದವ್ರೆ ನೋಡು" ಎಂದರು.

ನಾನು ಎದ್ದು ನಿಂತು ಸೆರಗು ಸರಿಮಾಡಿಕೊಂಡೆ.