ಭಾವನ ಮಾದರಿ ಕೊಳವೆ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮೂವತ್ತೊಂದು ವರ್ಷ ಕೊಳವೆಗಳಲ್ಲಿ ಹುಳುಕು ಹುಡುಕಿದವರು. ಅಣುಸ್ಥಾವರದ ಇಂಧನ ತುಂಬುವ ಕೊಳವೆಗಳು ಅವು. ಕಿರುಬೆರಳಿನಷ್ಟು ದಪ್ಪ, ಗೋಡೆ ಉಗುರಿನಷ್ಟು ತೆಳು. ಬಿರುಕಿದ್ದರೆ ವಿಷ ಹೊರಗೆ ಸೋರುತ್ತದೆ. ಮುರಿದು ನೋಡುವ ಹಾಗಿಲ್ಲ. ನೀರಿನ ತೊಟ್ಟಿಯಲ್ಲಿ ತಿರುಗಿಸುತ್ತ, ಕಿವಿಗೆ ಕೇಳಿಸದ ಶಬ್ದವನ್ನು ಅದರೊಳಕ್ಕೆ ಹಾಯಿಸಬೇಕು. ಬಿರುಕಿದ್ದಲ್ಲಿ ಯಂತ್ರದ ಪರದೆಯ ಮೇಲಿನ ಗೆರೆ ಚಂಗನೆ ಏಳುತ್ತದೆ.

ಕಸುಬು ಭಾವನ ತಲೆಗೇರಿತ್ತು. ಹೊಸ ಪಾತ್ರೆಯನ್ನು ಬೆರಳಲ್ಲಿ ತಟ್ಟಿ, ಕಿವಿಗೊಟ್ಟು ಕೇಳದೆ ಮನೆಯೊಳಗೆ ಬಿಡುತ್ತಿರಲಿಲ್ಲ. ಅಳಿಯನನ್ನು ಒಪ್ಪಿಕೊಂಡಾಗಲೂ "ಪಾಸ್" ಎಂದೇ ಹೇಳಿದ್ದರು. ತನ್ನನ್ನು ತಟ್ಟಿ ನೋಡದೆ ಕಟ್ಟಿಕೊಂಡದ್ದೇ ಇವರು ಮಾಡಿದ ಒಂದೇ ತಪ್ಪು ಎಂದು ಅಕ್ಕ ನಗುತ್ತಿದ್ದಳು.

ಯಂತ್ರವನ್ನೂ ನಂಬುವ ಹಾಗಿಲ್ಲ. ಬೇಕೆಂದೇ ಗೀರು ಕೊರೆದ ಮಾದರಿ ಕೊಳವೆಯೊಂದಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದನ್ನು ಹಾಯಿಸಿ, ಗೆರೆ ಎಷ್ಟು ಎದ್ದಿತೆಂದು ಪುಸ್ತಕದಲ್ಲಿ ಬರೆಯಬೇಕು. ಸಂಜೆ ಏಳದಿದ್ದರೆ ಆ ದಿನ ಪಾಸಾದ ಕೊಳವೆಗಳೆಲ್ಲ ಮತ್ತೆ ತೊಟ್ಟಿಗೆ.

ನಿವೃತ್ತಿಯ ಸಂಜೆ ಅಕ್ಕ ಹೊಸ ಸೀರೆಯುಟ್ಟು ಸಭಾಂಗಣದ ಮುಂದಿನ ಸಾಲಿನಲ್ಲಿ ಕೂತಿದ್ದಳು. ಇತ್ತ ತಪಾಸಣೆಯ ಕೋಣೆಯಲ್ಲಿ ಫೋಟೋದವನು ಭಾವನನ್ನು ಯಂತ್ರದ ಪಕ್ಕ ನಿಲ್ಲಿಸಿದ. ಪರದೆಯ ಮೇಲೆ ಗೆರೆ ಎದ್ದಿದ್ದರೆ ಚಿತ್ರಕ್ಕೊಂದು ಕಳೆ ಎಂದು ಭಾವ ಕಾಲರು ಸರಿಮಾಡಿಕೊಂಡು ಮಾದರಿ ಕೊಳವೆ ಹಾಯಿಸಿದರು. ಗೆರೆ ಏಳಲಿಲ್ಲ. ಒರೆಸಿ ಮತ್ತೆ ಹಾಯಿಸಿದರು. ಮೂರನೆಯ ಸಲವೂ ಗೆರೆ ಮಲಗಿಯೇ ಇತ್ತು.

ಮೇಲ್ವಿಚಾರಕ ಗಡಿಯಾರ ನೋಡಿದ. "ಬೆಳಿಗ್ಗೆ ಗೆರೆ ಎದ್ದಿತ್ತಲ್ಲ ಸಾರ್. ಅದನ್ನೇ ಬರೆದು ಬನ್ನಿ, ಎಲ್ಲರೂ ಕಾಯ್ತಿದಾರೆ."

ಭಾವ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದರು. ಅವರು ಮಾಡುತ್ತಿದ್ದುದೂ ಅದನ್ನೇ. ಯಂತ್ರ ಎಂದೂ ಕೈಕೊಟ್ಟಿಲ್ಲವೆಂದು ನಾಲ್ಕು ವರ್ಷಗಳಿಂದ ಬೆಳಗಿನ ಅಂಕಿಯನ್ನೇ ಸಂಜೆಗೂ ನಕಲಿಸಿದ್ದರು. ಬೆಳಿಗ್ಗೆ ಕಣ್ಣಿದ್ದ ಯಂತ್ರ ಓಡಿ ಓಡಿ ಬಿಸಿಯಾದ ಮೇಲೆ ಕುರುಡಾಗುತ್ತಿದ್ದುದು ಯಾವತ್ತಿನಿಂದ? ಆ ಮಧ್ಯಾಹ್ನಗಳ ಕೊಳವೆಗಳು ಆಗಲೇ ಸ್ಥಾವರದ ಹೊಟ್ಟೆ ಸೇರಿದ್ದವು.

ವೇದಿಕೆಯಲ್ಲಿ ದೊಡ್ಡ ಸಾಹೇಬರು, ಒಂದೇ ಒಂದು ತಪ್ಪಿಲ್ಲದ ಮೂವತ್ತೊಂದು ವರ್ಷ ಎಂದು ಬಾಯ್ತುಂಬ ಹೊಗಳುತ್ತಿದ್ದರು. ಭಾವ ಮೆಟ್ಟಿಲು ಹತ್ತಿ ಹೋಗಿ ಪುಸ್ತಕವನ್ನು ಅವರ ಮುಂದಿಟ್ಟು ಎಲ್ಲ ಹೇಳಿಬಿಟ್ಟರು. ಯಾವತ್ತಿನಿಂದ ಎಂದು ಸಾಹೇಬರು ಕೇಳಿದ್ದಕ್ಕೆ ಗೊತ್ತಿಲ್ಲ ಎಂದರು. ಮೈಕು ಅದನ್ನೂ ಕೊನೆಯ ಸಾಲಿನವರೆಗೆ ಮುಟ್ಟಿಸಿತು.

ವಿಚಾರಣೆ ಇನ್ನೂ ನಡೆಯುತ್ತಿದೆ. ಕೊಳವೆಗಳ ಸುದ್ದಿಯನ್ನು ಯಾರೂ ಹೇಳುವುದಿಲ್ಲ. ಭಾವ ಈಗ ಪಾತ್ರೆ ತಟ್ಟುವುದಿಲ್ಲ.

"ಚಪ್ಪಾಳೆ ಆದ್ಮೇಲೆ ಹೇಳಬಹುದಿತ್ತಲ್ರೀ" ಎಂದು ಅಕ್ಕ ಒಮ್ಮೆ ಕೇಳಿದಳು.

"ಆದ್ಮೇಲೆ ನಾನು ಹೇಳ್ತಾ ಇರಲಿಲ್ಲ ಕಣೇ" ಎಂದರು ಭಾವ.