ಕೈಬಿಟ್ಟ ನಲವತ್ತಮೂರು ಹಾಳೆ

ನನ್ನನ್ನು ಕಂಡರೆ ಮಾಯಿ ಮುನ್ಯಾ "ಬಂದ್ಲು ನೋಡಿ ದುಂಡಕ್ಷರದ ರಾಣಿ" ಎನ್ನುತ್ತಿದ್ದಳು. ನಮ್ಮ ಬಿಕಿಟಾ ಗುಡ್ಡಗಳ ಕಡೆ ಹೆಂಗಸನ್ನು ಚೊಚ್ಚಲ ಮಗುವಿನ ಹೆಸರು ಹಿಡಿದೇ ಕರೆಯುವುದು. ಅವಳ ಮಗ ಮುನ್ಯಾ ಹೊಳೆ ಪಾಲಾಗಿ ಏಳು ವರ್ಷವಾಗಿತ್ತು. ಮಾಯಿ, ಅಂದರೆ ಅವನ ತಾಯಿ, ಎಂಬ ಹೆಸರು ಮಾತ್ರ ಹಾಗೇ ಉಳಿದಿತ್ತು.

ಆ ವರ್ಷ ರಾಜಧಾನಿ ಹರಾರೆಯಿಂದ ಡಾಕ್ಟರ್ ಚಿಗೊರಾ ಬಂದರು. ಹಳ್ಳಿಗಳಲ್ಲಿ ಮನಸ್ಸಿನ ಕಾಯಿಲೆ ಎಷ್ಟಿದೆಯೆಂದು ತಿಳಿದು, ಡಾಕ್ಟರುಗಳು ಓದುವ ಪತ್ರಿಕೆಯಲ್ಲಿ ಪ್ರಕಟಿಸುವುದು ಅವರ ಕೆಲಸ. ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಬರಲು ಆಸ್ಪತ್ರೆಯಲ್ಲಿ ಗುಡಿಸಿ ಒರೆಸುತ್ತಿದ್ದ ಮಾಯಿ ಮುನ್ಯಾಳನ್ನೂ, ಆಗಷ್ಟೇ ಶಾಲೆ ಮುಗಿಸಿದ್ದ ನನ್ನನ್ನೂ ಆರಿಸಿಕೊಂಡರು. ಕಟ್ಟಳೆ ಒಂದೇ: ಹಾಳೆಯಲ್ಲಿರುವುದನ್ನಷ್ಟೇ ಕೇಳಬೇಕು, ಕೇಳುವವರು ತಮ್ಮ ಸುದ್ದಿ ಎತ್ತಬಾರದು.

ನಾನು ಚಾಚೂ ತಪ್ಪಲಿಲ್ಲ. ಆದರೆ ನಮ್ಮಲ್ಲಿ "ಚೆನ್ನಾಗಿ ಮಲಗಿದ್ರಾ?" ಎಂದರೆ "ನೀವು ಮಲಗಿದ್ರೆ ನಾನೂ ಮಲಗ್ದೆ" ಎಂಬುದೇ ಉತ್ತರ. ಕೇಳಿದವರು ಸುಖವಾಗಿರುವಾಗ ನಮ್ಮ ಗೋಳು ತೆಗೆಯುವುದು ಮರ್ಯಾದೆಯಲ್ಲ. ನಾನೋ ಇಸ್ತ್ರಿ ಮಾಡಿದ ಲಂಗ ತೊಟ್ಟು ನಗುನಗುತ್ತಾ ಹೋಗುವವಳು. ನನ್ನ ಹಾಳೆಗಳಲ್ಲಿ ಊರಿಗೆ ಊರೇ ಗುಂಡುಕಲ್ಲಿನಂತಿತ್ತು.

ಎನೆಸಿಯೂ ಅಷ್ಟೇ. ಅವಳ ಗಂಡ ಗಣಿಯಲ್ಲಿ ಸತ್ತು ನಾಲ್ಕು ತಿಂಗಳಾಗಿತ್ತು. "ಬದುಕು ಸಾಕು ಎನಿಸಿತ್ತೇ?" ಎಂದು ಹಾಳೆ ನೋಡಿಕೊಂಡೇ ಕೇಳಿದೆ.

"ನಿನಗನ್ನಿಸಿಲ್ಲ ಅಂದ್ಮೇಲೆ ನನಗ್ಯಾಕೆ ಅನ್ಸುತ್ತೆ ಮಗೂ" ಎಂದು ಮೆಲ್ಲಗೆ ಅಂಗೈ ತಟ್ಟಿ ವಂದಿಸಿದಳು. "ಇಲ್ಲ" ಎಂದು ದುಂಡಗೆ ಬರೆದುಕೊಂಡೆ.

ಆ ಹಾಳೆ ಕಂಡು ಮಾಯಿ ಮುನ್ಯಾ ರೇಗಿದಳು. "ಅವಳ ಮನೇಲಿ ಹೊಗೆ ಎದ್ದು ಮೂರು ದಿನ ಆಯ್ತು ಕಣೆ! ಒಲೆ ಹಚ್ಚದೋಳು ಚೆನ್ನಾಗಿದ್ದಾಳಾ? ನಿನ್ನ ತಲೇಲಿ ಮಿದುಳಿದೆಯೋ, ಜೋಳದ ಹಿಟ್ಟಿದೆಯೋ?"

ಆಗಲೇ ನನ್ನ ಕೈ ಹಿಡಿದು ಎಳೆದುಕೊಂಡು ಹೊರಟಳು. ಎನೆಸಿ ಚಾಪೆ ಹಾಸಿದಳು. ಮಾಯಿ ಮುನ್ಯಾ ಹಾಳೆಯನ್ನು ಮಗುಚಿಟ್ಟು ಎನೆಸಿಗೆ, "ಮೊದಲು ನೀನು ನನ್ನನ್ನ ಕೇಳು" ಎಂದಳು.

"ಚೆನ್ನಾಗಿ ಮಲಗಿದ್ರಾ, ಮಾಯಿ ಮುನ್ಯಾ?"

"ಇಲ್ಲ. ಏಳು ವರ್ಷದಿಂದ ಮಲಗಿಲ್ಲ. ಹೊಳೆ ಸದ್ದು ಕೇಳಿದ್ರೆ ಇವತ್ತೂ ಎದ್ದು ಕೂತ್ಕೋತೀನಿ. ಮಗನ ಹಿಂದೇನೇ ಹೋಗ್ತೀನಿ ಅಂತ ಒಂದ್ಸಲ ಸೊಂಟದವರೆಗೂ ನೀರಿಗಿಳಿದಿದ್ದೆ."

ದಿನವೂ ನನ್ನನ್ನು ಗೇಲಿ ಮಾಡುತ್ತಿದ್ದವಳು ಇವಳೇನಾ ಎಂದುಕೊಂಡೆ. ಎನೆಸಿ ಅವಳ ಹತ್ತಿರಕ್ಕೆ ಸರಿದು ಕೂತಳು.

"ಹಾಗಾದ್ರೆ ನಾನೂ ಮಲಗಿಲ್ಲ" ಎಂದಳು.

ಆಮೇಲೆ ಅತ್ತಳು, ಮನಸಾರೆ ಅತ್ತಳು. ಅತ್ತು ಮುಗಿದ ಮೇಲೆ ಎದ್ದು, ಮಡಕೆಗಳ ಹಿಂದೆ ಬಚ್ಚಿಟ್ಟಿದ್ದ ವಿಷದ ಪೊಟ್ಟಣ ತಂದು ಮಾಯಿ ಮುನ್ಯಾಳ ಮಡಿಲಿಗೆ ಹಾಕಿದಳು. ಮರುದಿನ ಅವರಿಬ್ಬರೂ ನಡೆದೇ ಆಸ್ಪತ್ರೆಗೆ ಹೋದರು. ಅಲ್ಲಿಂದ ಮುಂದೆ, ಮನಸ್ಸಿನ ಕಾಯಿಲೆಯವರನ್ನು ನೋಡುವ ಎಷ್ಟೋ ಮಂಗಳವಾರ ಹೋಗುತ್ತಲೇ ಇದ್ದರು.

ಅಂದಿನಿಂದ ಮಾಯಿ ಮುನ್ಯಾ ಯಾವ ಮನೆಗೆ ಹೋದರೂ ತನ್ನ ಕಥೆ ಹೇಳಿಯೇ ಪ್ರಶ್ನೆ ಕೇಳಿದಳು. ಅವಳ ಹಾಳೆಗಳು ದುಃಖದಿಂದ ತುಂಬಿದವು. ಡಾಕ್ಟರಿಗೆ ಏನನ್ನೂ ಮುಚ್ಚಿಡಲಿಲ್ಲ. ಅವರು ಒಳ್ಳೆಯವರೇ, ಪಾಪ. "ನಿಮ್ಮ ಕಥೆ ಕೇಳಿ ಹಾಗಂದ್ರೋ, ನಿಜವಾಗ್ಲೂ ಹಾಗಿದ್ರೋ ಅಂತ ನಾನು ಹೇಗೆ ಹೇಳ್ಲಿ ಮಾಯಿ?" ಎಂದು ಅವಳ ನಲವತ್ತಮೂರು ಹಾಳೆಗಳನ್ನೂ ಪಕ್ಕಕ್ಕಿಟ್ಟರು.

"ಹಾಳೆ ಬಿಡಿ ಡಾಕ್ಟ್ರೇ, ಆ ಜನಕ್ಕೆ ಔಷಧಿ ಕಳಿಸಿ" ಎಂದಳು. ಅವರು ಕಳಿಸಿದರು.

ಎರಡು ವರ್ಷದ ಮೇಲೆ ಡಾಕ್ಟರ ಬರಹ ಅಚ್ಚಾಗಿ ಬಂತು. ಮಾಯಿ ಮುನ್ಯಾಳ ಅಂಗಳದಲ್ಲಿ ಎನೆಸಿಯೂ ಅವಳೂ ಕಡಲೆಕಾಯಿ ಸುಲಿಯುತ್ತಿದ್ದರು. ನಾನು ಓದಿ ಹೇಳಿದೆ: ನಿಯಮ ಮೀರಿದ್ದರಿಂದ ನಲವತ್ತಮೂರು ಹಾಳೆ ಕೈಬಿಡಲಾಗಿದೆ, ಉಳಿದ ಅರವತ್ತು ಮಂದಿಯಲ್ಲಿ ಸಾಯುವ ಯೋಚನೆ ಮಾಡಿದವರು ಒಬ್ಬರೂ ಇಲ್ಲ.

"ಆ ಅರವತ್ತರಲ್ಲಿ ನಾನಿದೀನಾ?" ಎಂದಳು ಎನೆಸಿ.

ನಿಯಮದಂತೆ ಕೇಳಿ "ಇಲ್ಲ" ಎಂದು ನಾನು ಬರೆದಿದ್ದ ಅವಳ ಹಾಳೆ ಲೆಕ್ಕಕ್ಕೆ ಸೇರಿತ್ತು. "ಇದ್ದೀಯಕ್ಕ" ಎಂದೆ.

"ಮಾಯಿನೂ ಅದನ್ನ ನಂಬಿದ್ರೆ, ಇವತ್ತು ಇದನ್ನ ಕೇಳೋಕೆ ನಾನಿರ್ತಿರ್ಲಿಲ್ಲ" ಎಂದಳು.

ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಅವಳು ಸುಲಿದ ಬೀಜ ಒಂದು ಹಿಡಿ ನನ್ನ ಕಡೆ ತಳ್ಳಿ, "ತಿನ್ನು ಮಗೂ" ಎಂದಳು.