ಹನುಮಪ್ಪನಿಗೆ ಕೊಟ್ಟದ್ದು ತೊಡೆಯಲ್ಲ

"ವಯಸ್ಸಾತಲ್ಲ, ಇನ್ನೇನು" ಎಂಬ ಮಾತು ಕೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಹೋದ ವರ್ಷ ತೇರಗಾಂವದ ನಮ್ಮ ಮನೆಯಲ್ಲಿ ಅದನ್ನು ದಿನಕ್ಕೆ ಹತ್ತು ಸಲ ಕೇಳಿದೆ. ಒಂದು ದಿನ ಬೆಳಿಗ್ಗೆ ಲಿಂಗಪೂಜೆಗೆ ಮಣೆಯ ಮೇಲೆ ಕುಳಿತ ಅಪ್ಪನಿಗೆ ಪೂಜೆ ಮುಗಿದ ಮೇಲೆ ಏಳಲಾಗಲಿಲ್ಲ. ಎರಡೂ ಕೈ ನೆಲಕ್ಕೂರಿ ತಿಣುಕಿದ, ಬೆವರಿದ, ಮತ್ತೆ ಅಲ್ಲೇ ಕುಸಿದ. ಕಡೆಗೆ ನಾನೂ ತಮ್ಮನೂ ರಟ್ಟೆ ಹಿಡಿದು ಎಬ್ಬಿಸಿದೆವು. ಮರುದಿನವೇ ತಮ್ಮ ಹಳಿಯಾಳ ಪೇಟೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ.

"ಇದರ ಮ್ಯಾಲ ಕುಂತು ಪೂಜಿ ಮಾಡ್ಕೋ ಅಪ್ಪಾ. ವಯಸ್ಸಾತಲ್ಲ."

ಅಪ್ಪ ಕುರ್ಚಿಯನ್ನು ಕಾಲಿನಿಂದ ತಳ್ಳಿದ. "ನೆಲಕ್ಕ ಕುಂದ್ರೂದೂ ಬಿಡಸ್ತೀರೇನು?"

ಅಪ್ಪ ಹಳಿಯಾಳದ ಗರಡಿಯಲ್ಲಿ ಬೆಳೆದ ಪೈಲ್ವಾನ. ದಿನಾ ಬೆವರು ಕಿತ್ತುಬರುವವರೆಗೆ ಕುಕ್ಕರಿಸಿ ಏಳುವ ಬೈಠಕ್ ಹೊಡೆದವನು. ಆ ಗರಡಿಯಲ್ಲೊಂದು ಪದ್ಧತಿಯಿತ್ತು. ಕುಸ್ತಿ ಬಿಡುವವನು ತನ್ನ ಲಂಗೋಟವನ್ನು ಹನುಮಪ್ಪನ ಮುಂದಿಟ್ಟು ಕೈ ಮುಗಿಯಬೇಕು. ಆಮೇಲೆ ಒಂದು ಬೈಠಕ್ ಕೂಡ ಹೊಡೆಯುವಂತಿಲ್ಲ. ಹೊಡೆದರೆ ದೇವರಿಗೆ ಕೊಟ್ಟದ್ದನ್ನು ಮರಳಿ ಕೇಳಿದಂತೆ! ಅಪ್ಪ ಐವತ್ತು ದಾಟುತ್ತಲೇ ಲಂಗೋಟ ಇಟ್ಟ. ಅಂದಿನಿಂದ ನಡಿಗೆಯೊಂದೇ. ಹೊಲಕ್ಕೆ ಎರಡು ಸಲ ನಡೆದು ಬರುವುದನ್ನು ಕಂಡು ಊರವರು ಗಟ್ಟಿ ಮುದುಕ ಎಂದು ಹೊಗಳುತ್ತಿದ್ದರು.

ನಾನೋ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮೈಟೊಕಾಂಡ್ರಿಯ ಜೀವಕೋಶದ ಶಕ್ತಿಕೇಂದ್ರ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದೆನೋ. ಸ್ನಾಯುಗಳೆಲ್ಲ ಒಂದೇ ಥರ ಮುಪ್ಪಾಗುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಮೀನಖಂಡದಲ್ಲಿ ನಿಧಾನವಾಗಿ ದಿನವಿಡೀ ದುಡಿಯುವ ಎಳೆಗಳೇ ಹೆಚ್ಚು. ಅವುಗಳಲ್ಲಿ ಮೈಟೊಕಾಂಡ್ರಿಯ ದಂಡಿಯಾಗಿರುತ್ತವೆ, ನಡೆಯುತ್ತಿದ್ದರೆ ಬೇಗ ಸೋಲುವುದಿಲ್ಲ. ಮೈಭಾರವನ್ನು ನೆಲದಿಂದ ಎತ್ತುವ ತೊಡೆಯಲ್ಲಿ ಥಟ್ಟನೆ ಬಲ ಹಾಕುವ ಎಳೆಗಳು ಬಹಳ. ಅವುಗಳಲ್ಲಿ ಮೈಟೊಕಾಂಡ್ರಿಯ ಮೊದಲೇ ಕಡಿಮೆ. ವಯಸ್ಸಾದಂತೆ ಮೊದಲು ಸೊರಗುವವೂ ಅವೇ. ಬರೀ ನಡಿಗೆ ಅವುಗಳನ್ನು ಮುಟ್ಟುವುದೇ ಇಲ್ಲ.

ಅಪ್ಪನ ಧೋತರ ಸರಿಸಿ ನೋಡಿದೆ. ಮೀನಖಂಡ ಈಗಲೂ ಗಟ್ಟಿ. ತೊಡೆಯಲ್ಲಿ ಚರ್ಮ ಜೋತುಬಿದ್ದಿತ್ತು. ಆ ಪದ್ಧತಿ ಮಾಡಿದವನು ಎದುರಿಗಿದ್ದರೆ ಚೆನ್ನಾಗಿ ಬೈದುಬಿಡುತ್ತಿದ್ದೆ. ಸಾಯುವವರೆಗೂ ನೆಲದಿಂದ ಏಳಬೇಕಾದ ಮನುಷ್ಯನಿಗೆ ಏಳುವುದನ್ನೇ ಬಿಡಿಸುವುದು ಅದ್ಯಾವ ಭಕ್ತಿ?

"ಕಿಟಕಿ ಸರಳು ಹಿಡಕೊಂಡು ಅರ್ಧರ್ಧ ಬೈಠಕ್ ಹೊಡಿ. ಈ ವಯಸ್ಸಿನ್ಯಾಗೂ ತೊಡಿ ಮಾತು ಕೇಳತಾವ" ಎಂದೆ.

"ಹನುಮಪ್ಪಗ ಕೊಟ್ಟೇನವ್ವಾ."

"ಕೊಟ್ಟದ್ದು ಲಂಗೋಟ, ತೊಡಿ ಅಲ್ಲ!" ಎಂದು ಮನೆ ನಡುಗುವಂತೆ ಕೂಗಿದೆ.

ಅಪ್ಪ ಎರಡು ದಿನ ಕಿಟಕಿಯ ಹತ್ತಿರವೂ ಸುಳಿಯಲಿಲ್ಲ. ಮೂರನೆಯ ದಿನ ತಾನಾಗಿಯೇ ಹೋಗಿ ಸರಳು ಹಿಡಿದ. ಮೊದಮೊದಲು ಐದಕ್ಕೇ ತೊಡೆ ಗಡಗಡ ನಡುಗುತ್ತಿತ್ತು. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ, ಪೂಜೆ ಮುಗಿಸಿ, ಮೊಳಕಾಲಿಗೆ ಕೈ ಕೊಟ್ಟು ಒಬ್ಬನೇ ಎದ್ದು ನಿಂತ. ತಮ್ಮ ಶಿಳ್ಳೆ ಹೊಡೆದ. ಅಪ್ಪ ನನ್ನತ್ತ ತಿರುಗಿದ.

"ಈ ವಿದ್ಯಾ ನಿನಗ ಯಾವಾಗಿಂದ ಗೊತ್ತಿತ್ತವ್ವಾ?"

"ಸಾಲಿ ಮಾಸ್ತರಿಕಿಗೆ ಸೇರಿದಾಗಿಂದ."

ಲಂಗೋಟ ಇಟ್ಟ ದಿನ ತೆಂಗಿನಕಾಯಿ ಹಿಡಿದು ಅಪ್ಪನ ಪಕ್ಕ ನಿಂತವಳು, ಆಗಲೇ ಶಾಲೆಯಲ್ಲಿ ಕಲಿಸುತ್ತಿದ್ದ ನಾನೇ. ದುಡಿದದ್ದು ಸಾಕು, ಇನ್ನು ಆರಾಮಾಗಿರು ಎಂದವಳೂ ನಾನೇ.

"ಮತ್ತ ಆವತ್ತ ಯಾಕ ಕೂಗಲಿಲ್ಲ?" ಎಂದು ಅಪ್ಪ ಕೇಳಿದ.